ಬರೋಕ್ ಉದ್ಯಾನ: ಅರಸೊತ್ತಿಗೆಯ ಘೋಷಣೆಯೇ, ತೋಟಗಾರನ ಕಲೆಯೇ?

ಅರಮನೆಯ ನಟ್ಟನಡುವಿನಿಂದ ಹೊರಟು ಕಣ್ಣು ಹಾಯುವಷ್ಟು ದೂರ ಸಾಗುವ ನೇರ ಅಕ್ಷ, ಅದರ ಇಕ್ಕೆಲಗಳಲ್ಲಿ ಸರಿಸಮನಾಗಿ ಹಂಚಿಕೊಂಡ ಪಾತಿಗಳು, ಕತ್ತರಿಯ ಅಳತೆಗೆ ಬೆಳೆಸಿದ ಮರಸಾಲುಗಳು, ಕೊಳ, ಕಾಲುವೆ, ಕಾರಂಜಿ ಮತ್ತು ಪುರಾಣದೇವತೆಗಳ ಶಿಲ್ಪಗಳು: 17ನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನಲ್ಲಿ ಪಕ್ವವಾಗಿ ಮುಂದಿನ ನೂರು ವರ್ಷಗಳಲ್ಲಿ ಯುರೋಪಿನ ಉದ್ದಗಲಕ್ಕೂ ಹಬ್ಬಿದ ಬರೋಕ್ ಉದ್ಯಾನದ ಲಕ್ಷಣಗಳಿವು. ಇಂಥ ಉದ್ಯಾನವನ್ನು ಕಲಾಕೃತಿಯಾಗಿ ನೋಡುವಾಗ, ಅದನ್ನು ಮೊದಲಿಗೂ ಮುಖ್ಯವಾಗಿಯೂ ಅಧಿಕಾರ ಮತ್ತು ಅಂತಸ್ತಿನ ಪ್ರದರ್ಶನವೆಂದೇ ಓದಬೇಕೇ ಎಂಬುದು ಇಲ್ಲಿನ ಪ್ರಶ್ನೆ. ಇದರ ಪರ ಮತ್ತು ವಿರೋಧದ ಎರಡೂ ವಾದಗಳು ಪ್ಯಾರಿಸ್ ಬಳಿಯ ವರ್ಸೇಲ್ಸ್‌ಗೆ, ದೊರೆ 14ನೆಯ ಲೂಯಿಯ ಅರಮನೆಯ ಉದ್ಯಾನಕ್ಕೆ, ಮತ್ತೆ ಮತ್ತೆ ಮರಳುತ್ತವೆ. ಉಳಿದ ಬಹುತೇಕ ಉದ್ಯಾನಗಳು ಅದನ್ನು ಅನುಸರಿಸಿದವು, ಇಲ್ಲವೇ ಅದರೊಡನೆ ಪೈಪೋಟಿಗೆ ಇಳಿದವು.

ಪರ: ನೆಲದ ಮೇಲೆ ಬರೆದ ರಾಜಾಜ್ಞೆ

1661ರ ಆಗಸ್ಟ್ 17ರಂದು ಫ್ರಾನ್ಸಿನ ಹಣಕಾಸು ಮಂತ್ರಿ ನಿಕೊಲಾ ಫೂಕೆ ತನ್ನ ವೋ-ಲ-ವಿಕೊಂತ್ ಭವನದಲ್ಲಿ, ಆಗಿನ್ನೂ 22 ವರ್ಷದವನಾಗಿದ್ದ ದೊರೆ 14ನೆಯ ಲೂಯಿಗೆ ಭಾರಿ ಔತಣವನ್ನು ಏರ್ಪಡಿಸಿದ. ವಾಸ್ತುಶಿಲ್ಪಿ ಲೂಯಿ ಲ ವೋ, ಚಿತ್ರಕಾರ ಶಾರ್ಲ್ ಲ ಬ್ರನ್ ಮತ್ತು ತೋಟಗಾರ ಆಂದ್ರೆ ಲ ನೋತ್ರ್ ಕೂಡಿ ನಿರ್ಮಿಸಿದ್ದ ಆ ಭವನಕ್ಕೂ ತೋಟಕ್ಕೂ ಸರಿಗಟ್ಟುವಂಥದು ಆಗ ಸ್ವತಃ ದೊರೆಯ ಬಳಿಯೂ ಇರಲಿಲ್ಲ. ಮೂರು ವಾರ ತುಂಬುವ ಮೊದಲೇ, ಸೆಪ್ಟೆಂಬರ್ 5ರಂದು, ಫೂಕೆಯ ಬಂಧನವಾಯಿತು. ನ್ಯಾಯಾಲಯ ವಿಧಿಸಿದ ಗಡೀಪಾರನ್ನು ದೊರೆಯೇ ಜೀವಾವಧಿ ಸೆರೆಯನ್ನಾಗಿ ಮಾರ್ಪಡಿಸಿದ. ಬಂಧನದ ತೀರ್ಮಾನ ಔತಣಕ್ಕೆ ಮೊದಲೇ ಆಗಿದ್ದುದರಿಂದ, ತೋಟದ ಸೊಬಗೇ ಫೂಕೆಯನ್ನು ಸೆರೆಗೆ ತಳ್ಳಿತೆಂಬ ಜನಪ್ರಿಯ ಕಥೆಯನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ಗಮನಿಸಬೇಕಾದದ್ದು ಬಂಧನದ ನಂತರ ನಡೆದದ್ದನ್ನು. ಫೂಕೆಯ ಕಿತ್ತಳೆ ಗಿಡಗಳು ವರ್ಸೇಲ್ಸ್‌ಗೆ ಸಾಗಿದವು, ಶಿಲ್ಪಗಳು ಸಾಗಿದವು, ಕೊನೆಗೆ ಆ ಮೂವರು ಕಲಾವಿದರೂ ವರ್ಸೇಲ್ಸ್‌ನ ಕೆಲಸಕ್ಕೆ ತೊಡಗಿದರು. ಸೋತವನ ತೋಟವನ್ನು ಗೆದ್ದವನು ಯುದ್ಧದ ಕೊಳ್ಳೆಯಂತೆ ಒಯ್ದದ್ದನ್ನು ನೋಡಿದರೆ, ಉದ್ಯಾನವೆಂಬುದು ಆ ಕಾಲದಲ್ಲಿ ವಿಹಾರದ ಜಾಗವಷ್ಟೇ ಆಗಿರಲಿಲ್ಲ, ಅಂತಸ್ತಿನ ಹಕ್ಕುಪತ್ರವೇ ಆಗಿತ್ತು ಎಂಬುದು ಸ್ಪಷ್ಟವಾಗುತ್ತದೆ.

ವರ್ಸೇಲ್ಸ್ ಎಂಬ ಸ್ಥಳದ ಆಯ್ಕೆಯಲ್ಲಿಯೇ ಒಂದು ಮಾತು ಅಡಗಿದೆ. 13ನೆಯ ಲೂಯಿ 1623ರಲ್ಲಿ ಅಲ್ಲಿ ಬೇಟೆಯ ಬಿಡಾರವೊಂದನ್ನು ಕಟ್ಟಿಸಿದ್ದ. ಸುತ್ತಲೂ ಜೌಗು ನೆಲ, ಹತ್ತಿರದಲ್ಲಿ ಹೇಳಿಕೊಳ್ಳುವಂಥ ನದಿಯಿಲ್ಲ. ತೋಟಕ್ಕೆ ಇದಕ್ಕಿಂತ ಪ್ರತಿಕೂಲವಾದ ಜಾಗವನ್ನು ಹುಡುಕುವುದು ಕಷ್ಟ. ನಿಸರ್ಗವನ್ನು ಬಲವಂತವಾಗಿ ಬಗ್ಗಿಸುವುದರಲ್ಲಿ ದೊರೆ ಹೆಮ್ಮೆಯ ಸುಖವನ್ನು ಕಾಣುತ್ತಿದ್ದನೆಂದು ಆಸ್ಥಾನದೊಳಗಿನವನೇ ಆದ ಡ್ಯೂಕ್ ಸಾಂ-ಸಿಮೊಂ ಬರೆದಿಟ್ಟಿದ್ದಾನೆ. ಮಣ್ಣನ್ನು ಹೊತ್ತು ತಂದು ಮಟ್ಟ ಮಾಡಿ, ಕಾಡಿನಿಂದ ಬೆಳೆದ ಮರಗಳನ್ನು ಕಿತ್ತು ತಂದು ನೆಟ್ಟು, 1668ರಿಂದ 1679ರವರೆಗೆ ನೆಲ ಅಗೆದು 1,670 ಮೀಟರ್ ಉದ್ದದ ಮಹಾಕಾಲುವೆಯನ್ನು ನಿರ್ಮಿಸಲಾಯಿತು. ಈ ಕೆಲಸದಲ್ಲಿ ಸತ್ತ ಕೂಲಿಗಳ ಹೆಣಗಳನ್ನು ರಾತ್ರಿಯ ವೇಳೆ ಗಾಡಿಗಳಲ್ಲಿ ಸಾಗಿಸುತ್ತಿದ್ದರೆಂದು, ತನ್ನ ಪತ್ರಗಳಿಗೆ ಹೆಸರಾದ ಮದಾಂ ದ ಸೆವಿನ್ಯೆ 1678ರ ಪತ್ರವೊಂದರಲ್ಲಿ ಬರೆದಿದ್ದಾಳೆ. ಈ ಉದ್ಯಾನದ ಸೌಂದರ್ಯವನ್ನು ಕುರಿತು ಮಾತಾಡುವವರು ಈ ಸಾಲನ್ನು ದಾಟಿ ಹೋಗಬಾರದು.

ಇನ್ನು ಶಿಲ್ಪಗಳ ವಿಷಯ. ಸೂರ್ಯನನ್ನು ತನ್ನ ಲಾಂಛನವಾಗಿ ಆರಿಸಿಕೊಂಡಿದ್ದ ದೊರೆಯ ಉದ್ಯಾನದಲ್ಲಿ, ಪೂರ್ವ-ಪಶ್ಚಿಮವಾಗಿ ಹರಿಯುವ ಮುಖ್ಯ ಅಕ್ಷದ ಮೇಲೆ, ಸೂರ್ಯದೇವ ಅಪೊಲೊ ತನ್ನ ರಥದೊಂದಿಗೆ ನೀರಿನಿಂದ ಮೇಲೇಳುತ್ತಾನೆ. ಜಾಂ-ಬಾತೀಸ್ತ್ ತ್ಯೂಬಿ 1668 ಮತ್ತು 1671ರ ನಡುವೆ ರೂಪಿಸಿದ ಕಾರಂಜಿ ಅದು. ಅದೇ ಅಕ್ಷದಲ್ಲಿ ಅರಮನೆಯ ಸಮೀಪಕ್ಕೆ ಅಪೊಲೊನ ತಾಯಿ ಲತೋನಾ ತನ್ನಿಬ್ಬರು ಎಳೆಮಕ್ಕಳೊಡನೆ ನಿಂತಿದ್ದಾಳೆ. ಅವಳನ್ನು ಅವಮಾನಿಸಿದ ಹಳ್ಳಿಗರು ಕಪ್ಪೆಗಳಾಗಿ ಮಾರ್ಪಡುತ್ತ ಅವಳ ಸುತ್ತ ನೀರುಗುಳುತ್ತಾರೆ. ಲೂಯಿ ಬಾಲಕನಾಗಿದ್ದಾಗ ಅವನ ತಾಯಿಯ ರಾಜಪ್ರತಿನಿಧಿತ್ವದ ವಿರುದ್ಧ ಶ್ರೀಮಂತರೂ ಪ್ಯಾರಿಸಿನ ಜನರೂ ದಂಗೆಯೆದ್ದಿದ್ದರೆಂಬುದನ್ನು ನೆನೆದವರು ಈ ಕಾರಂಜಿಯಲ್ಲಿ ಆ ದಂಗೆಕೋರರಿಗೆ ಕೊಟ್ಟ ಉತ್ತರವನ್ನು ಕಂಡಿದ್ದಾರೆ. ಕಲಾವಿದನ ಉದ್ದೇಶ ಅದೇ ಆಗಿತ್ತೋ ಇಲ್ಲವೋ, ತಾಯಿಯನ್ನು ಹಳಿದವರಿಗೆ ಶಿಕ್ಷೆಯಾಗುವ ಕಥೆಯನ್ನು ಅರಮನೆಯ ಕಿಟಕಿಗಳ ಎದುರಿಗೇ ಇಟ್ಟದ್ದು ಆಕಸ್ಮಿಕವೆನ್ನಲು ನನಗೆ ಸಾಧ್ಯವಿಲ್ಲ.

ಅಧಿಕಾರ ಅತ್ಯಂತ ಬೆತ್ತಲೆಯಾಗಿ ಕಾಣುವುದು ನೀರಿನಲ್ಲಿ. ಕಾರಂಜಿಗಳ ದಾಹ ತಣಿಸಲು 1681ರಿಂದ 1684ರವರೆಗೆ ಸೇನ್ ನದಿಯ ದಡದಲ್ಲಿ 14 ದೈತ್ಯ ಚಕ್ರಗಳೂ ಇನ್ನೂರಕ್ಕೂ ಹೆಚ್ಚು ಪಂಪುಗಳೂ ಇದ್ದ ಮಾರ್ಲಿಯ ಯಂತ್ರವನ್ನು ಕಟ್ಟಲಾಯಿತು. ಅದು ನದಿಯ ನೀರನ್ನು ನೂರೈವತ್ತು ಮೀಟರಿಗೂ ಮೇಲಕ್ಕೆ ಎತ್ತುತ್ತಿತ್ತು. ಅದೂ ಸಾಲದೆ, 1685ರಲ್ಲಿ ಯೂರ್ ನದಿಯನ್ನೇ ವರ್ಸೇಲ್ಸ್‌ಗೆ ತಿರುಗಿಸುವ ಯೋಜನೆ ಕೈಗೊಂಡು, ಕೋಟೆಗಳ ನಿರ್ಮಾಣಕ್ಕೆ ಹೆಸರಾದ ಎಂಜಿನಿಯರ್ ವೋಬಾಂನನ್ನೂ ಸುಮಾರು 30 ಸಾವಿರ ಸೈನಿಕರನ್ನೂ ಅದಕ್ಕೆ ಹಚ್ಚಲಾಯಿತು. ಕಾರಂಜಿಗಾಗಿ ಒಂದು ಸೈನ್ಯವೇ ನೆಲ ಅಗೆಯಿತು. ಸಾವಿರಾರು ಮಂದಿ ಜ್ವರಕ್ಕೆ ತುತ್ತಾದರು.

ಈ ಉದ್ಯಾನವನ್ನು ಹೇಗೆ ನೋಡಬೇಕೆಂಬುದನ್ನೂ ಅಧಿಕಾರವೇ ನಿರ್ಧರಿಸಿತು. ಎಲ್ಲಿ ನಿಲ್ಲಬೇಕು, ಯಾವ ಕಡೆಗೆ ತಿರುಗಬೇಕು, ಮುಂದೆ ಯಾವ ದಾರಿ ಹಿಡಿಯಬೇಕು ಎಂಬುದನ್ನೆಲ್ಲ ವಿವರಿಸುವ ಕೈಪಿಡಿಯನ್ನು 14ನೆಯ ಲೂಯಿ ತಾನೇ ಬರೆದು ಹಲವು ಬಾರಿ ತಿದ್ದಿದ. ಜಿನೋವಾ ಗಣರಾಜ್ಯದ ಮುಖ್ಯಸ್ಥನಾದ ಡೋಜನಿಗೆ ತನ್ನ ನಗರವನ್ನು ಬಿಟ್ಟು ಹೊರಡಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಫ್ರೆಂಚ್ ನೌಕಾಪಡೆ 1684ರಲ್ಲಿ ಜಿನೋವಾದ ಮೇಲೆ ಗುಂಡಿನ ಮಳೆಗರೆದ ಮೇಲೆ, ಮರುವರ್ಷ ಆ ಡೋಜನನ್ನೇ ವರ್ಸೇಲ್ಸ್‌ಗೆ ಕರೆಸಿ ಕ್ಷಮೆ ಕೇಳಿಸಲಾಯಿತು. ಇಲ್ಲಿ ನಿಮಗೆ ಅತ್ಯಂತ ಅಚ್ಚರಿ ತಂದದ್ದು ಯಾವುದು ಎಂದು ಕೇಳಿದಾಗ, ನಾನು ಇಲ್ಲಿರುವುದೇ ಎಂಬರ್ಥದ ಉತ್ತರವನ್ನು ಅವನು ಕೊಟ್ಟನೆಂಬುದು ಪ್ರಸಿದ್ಧವಾಗಿದೆ. ಬರಲಾಗದವರಿಗೆ ಚಿತ್ರಗಳಿದ್ದವು. ಪಿಯರ್ ಪಾತೆಲ್ 1668ರಲ್ಲಿ ರಚಿಸಿದ ವರ್ಸೇಲ್ಸ್‌ನ ವರ್ಣಚಿತ್ರದಲ್ಲಿ ಕಲಾವಿದನ ಕಣ್ಣು ಆಕಾಶದಲ್ಲಿದೆ. ಅಲ್ಲಿಂದ ನೋಡಿದಾಗ ರಸ್ತೆ, ಅರಮನೆ, ಉದ್ಯಾನ, ದೂರದ ಗುಡ್ಡ ಎಲ್ಲವೂ ಒಂದೇ ಗೆರೆಗೆ ಪೋಣಿಸಿಕೊಂಡು ಇಡೀ ನಾಡೇ ಆ ಮನೆಯ ಸುತ್ತ ಹುಟ್ಟಿಕೊಂಡಂತೆ ತೋರುತ್ತದೆ. ಉದ್ಯಾನದ ತಾಮ್ರಫಲಕ ಮುದ್ರಣಗಳ ಸಂಪುಟಗಳನ್ನು ರಾಜತಾಂತ್ರಿಕ ಉಡುಗೊರೆಗಳಾಗಿ ಹೊರದೇಶಗಳಿಗೆ ಕಳುಹಿಸಲಾಗುತ್ತಿತ್ತು.

ಅದನ್ನು ನೋಡಿದವರು ಅನುಕರಿಸಿದರು. 1717ರಲ್ಲಿ ವರ್ಸೇಲ್ಸ್‌ಗೆ ಭೇಟಿಯಿತ್ತ ರಷ್ಯಾದ ದೊರೆ ಪೀಟರ್ ತನ್ನ ಪೀಟರ್‌ಹೋಫ್ ಅರಮನೆಯಲ್ಲಿ ಅದಕ್ಕೆ ಸಾಟಿಯಾದುದನ್ನು ಕಟ್ಟಿಸಹೊರಟ. ಅಲ್ಲಿ 1735ರಲ್ಲಿ ಸ್ಥಾಪನೆಯಾದ, ಬೈಬಲ್ಲಿನ ವೀರ ಸ್ಯಾಮ್ಸನನ ಶಿಲ್ಪ ಸಿಂಹದ ಬಾಯನ್ನು ಸೀಳುತ್ತಿದೆ. ಸ್ವೀಡನ್ನಿನ ಲಾಂಛನದಲ್ಲಿರುವುದು ಸಿಂಹ. 1709ರಲ್ಲಿ ರಷ್ಯನ್ನರು ಪೊಲ್ಟಾವಾದಲ್ಲಿ ಸ್ವೀಡನ್ನಿನ ಸೇನೆಯನ್ನು ಸೋಲಿಸಿದ್ದು ಸಂತ ಸ್ಯಾಮ್ಸನನ ಹಬ್ಬದ ದಿನ. ಜರ್ಮನಿಯ ಕಾರ್ಲ್ಸ್‌ರೂಹದಲ್ಲಿ 1715ರಿಂದ ಕಟ್ಟಿದ ಅರಮನೆಯ ಗೋಪುರದಿಂದ 32 ದಾರಿಗಳು ಕಿರಣಗಳಂತೆ ಹೊರಡುತ್ತವೆ. ಕೆಲವು ಕಾಡಿನೊಳಕ್ಕೆ ಹೋದರೆ, ಕೆಲವು ಊರಿನ ಬೀದಿಗಳೇ ಆಗಿವೆ. ಇಂಗ್ಲೆಂಡಿನ ಜಮೀನ್ದಾರರೂ 18ನೆಯ ಶತಮಾನದ ಆರಂಭದಲ್ಲಿ ತಮ್ಮ ಭವನ ಮತ್ತು ತೋಟಗಳನ್ನು ಪಕ್ಷಿನೋಟದ ಮುದ್ರಣಗಳಲ್ಲಿ ಅಚ್ಚು ಹಾಕಿಸಿಕೊಂಡರು.

ಈ ಪ್ರದರ್ಶನದ ಕೊನೆಯ ಅಂಕವೊಂದರಲ್ಲಿ ನಮ್ಮವರೂ ಪ್ರೇಕ್ಷಕರಾಗಿದ್ದರು. ಬ್ರಿಟಿಷರ ವಿರುದ್ಧ ಫ್ರೆಂಚರ ಮೈತ್ರಿಯನ್ನು ಕೋರಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಿಂದ ಕಳುಹಿಸಿದ್ದ ಮೂವರು ರಾಯಭಾರಿಗಳನ್ನು 16ನೆಯ ಲೂಯಿ 1788ರ ಆಗಸ್ಟ್ 10ರಂದು ವರ್ಸೇಲ್ಸ್‌ನಲ್ಲಿ ವೈಭವದಿಂದ ಬರಮಾಡಿಕೊಂಡ. ಲ ನೋತ್ರ್ ರೂಪಿಸಿದ್ದ ಸಾಂ-ಕ್ಲೂ ಉದ್ಯಾನದಲ್ಲಿ ಆ ರಾಯಭಾರಿಗಳು ವಿಹರಿಸುತ್ತಿರುವ, ಅವರನ್ನು ನೋಡಲು ಜನ ನೆರೆದಿರುವ ಚಿತ್ರವೊಂದು ಉಳಿದುಬಂದಿದೆ. ಫ್ರಾನ್ಸಿನ ಬೊಕ್ಕಸ ಆಗ ಬರಿದಾಗಿತ್ತು. ಆದರೂ ದೂರದೇಶದ ಅತಿಥಿಗಳ ಮುಂದೆ ರಾಜ್ಯದ ಬಲವನ್ನು ತೋರಿಸಲು ಅರಮನೆ ಮತ್ತು ಉದ್ಯಾನಗಳು ಇನ್ನೂ ಕೆಲಸಕ್ಕೆ ಬರುತ್ತಿದ್ದವು.

ವಿರೋಧ: ಹಣ ಕೊಟ್ಟವನ ಉದ್ದೇಶವೇ ಕೃತಿಯ ಅರ್ಥವಲ್ಲ

ಮೇಲಿನ ವಾದ ಮುಂದಿಟ್ಟ ಸಂಗತಿಗಳನ್ನು ಅಲ್ಲಗಳೆಯಬೇಕಾದ ಅಗತ್ಯವಿಲ್ಲ. ವರ್ಸೇಲ್ಸ್‌ಗೆ ಹಣ ಹರಿದದ್ದು ರಾಜನ ಪ್ರತಿಷ್ಠೆಗಾಗಿ. ಕೂಲಿಗಳೂ ಸೈನಿಕರೂ ಸತ್ತದ್ದು ನಿಜ. ಆದರೆ ಒಂದು ಕೃತಿ ಏಕೆ ಹುಟ್ಟಿತು ಎಂಬುದಕ್ಕೂ ಅದು ಏನು ಎಂಬುದಕ್ಕೂ ವ್ಯತ್ಯಾಸವಿದೆ. ಅರಸರ ಯುದ್ಧಗಳ ದುಡ್ಡಿನಿಂದ ಎದ್ದ ಹೊಯ್ಸಳ ದೇಗುಲಗಳ ಶಿಲ್ಪವನ್ನು ನಾವು ಯುದ್ಧದ ವರದಿಯೆಂದು ಓದುವುದಿಲ್ಲ. ಉದ್ಯಾನದ ವಿಷಯದಲ್ಲಿ ಮಾತ್ರ, ಅದು ಸಾಲುಸಾಲಾಗಿದೆ, ನೇರವಾಗಿದೆ, ಸಮವಾಗಿದೆ ಎಂಬ ಕಾರಣಕ್ಕೆ ಅದರ ಜ್ಯಾಮಿತಿಯನ್ನೇ ಸರ್ವಾಧಿಕಾರವೆಂದು ಕರೆದುಬಿಡುವುದು ಅವಸರದ ತೀರ್ಪು.

ಈ ಜ್ಯಾಮಿತಿ 14ನೆಯ ಲೂಯಿಗಿಂತ ಹಳೆಯದು. ಇಟಲಿಯ ಪುನರುಜ್ಜೀವನ ಕಾಲದ ತೋಟಗಳಲ್ಲಿ ಅಕ್ಷವೂ ಇತ್ತು, ಸಮ್ಮಿತಿಯೂ ಇತ್ತು. ಹಾಗೆಯೇ ಅದು ನಿರಂಕುಶ ದೊರೆಗಳಿಗೆ ಮೀಸಲಾಗಿಯೂ ಉಳಿಯಲಿಲ್ಲ. ಇದರ ಮೊದಲ ಪಕ್ವ ಮಾದರಿಯಾದ ವೋ-ಲ-ವಿಕೊಂತ್ ಒಬ್ಬ ಮಂತ್ರಿಯದು. ಲೂಯಿಯ ವಿರುದ್ಧ ಜೀವಮಾನವಿಡೀ ಹೋರಾಡಿದ ಡಚ್ ನಾಯಕ ವಿಲಿಯಂ, ತನ್ನ ನಾಡಿನ ಹೆಟ್ ಲೋ ಅರಮನೆಯಲ್ಲಿ 1680ರ ದಶಕದಲ್ಲಿ ಇದೇ ಬಗೆಯ ಉದ್ಯಾನವನ್ನು ಮಾಡಿಸಿದ. 1689ರಲ್ಲಿ ಸಂಸತ್ತಿನ ಹಕ್ಕುಗಳನ್ನು ಒಪ್ಪಿಕೊಂಡು ಇಂಗ್ಲೆಂಡಿನ ಸಿಂಹಾಸನವೇರಿದ ಮೇಲೆ ಅಲ್ಲಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿಯೂ ಇದೇ ಶೈಲಿಯನ್ನು ಮುಂದುವರಿಸಿದ. ಒಂದೇ ವಿನ್ಯಾಸ ನಿರಂಕುಶ ದೊರೆಗೂ ಅವನ ಕಡುವೈರಿಗೂ ಒಗ್ಗುವುದಾದರೆ, ನಿರಂಕುಶತೆಯೇ ಆ ವಿನ್ಯಾಸದ ಅರ್ಥವೆಂದು ಹೇಗೆ ಹೇಳುವುದು? ಅಂತಸ್ತಿನ ಪೈಪೋಟಿ ಇಬ್ಬರಿಗೂ ಇತ್ತಲ್ಲವೇ ಎಂದು ಎದುರಾಳಿ ಕೇಳಬಹುದು. ಇತ್ತು. ಆದರೆ ಪೈಪೋಟಿ ಎಲ್ಲ ಕಾಲದ ಎಲ್ಲ ಕಲೆಗಳ ಹಿಂದೆಯೂ ಇರುವಂಥದು. ಬರೋಕ್ ಉದ್ಯಾನದ ವಿಶೇಷವನ್ನು ಅದು ವಿವರಿಸುವುದಿಲ್ಲ.

ಆ ವಿಶೇಷವನ್ನು ಅರಿಯಬೇಕಾದರೆ ಆಂದ್ರೆ ಲ ನೋತ್ರ್‌ನ ಕಸುಬನ್ನು ನೋಡಬೇಕು. ಅವನು ಹುಟ್ಟಿದ್ದು 1613ರಲ್ಲಿ. ಅವನ ತಂದೆಯೂ ಅಜ್ಜನೂ ಪ್ಯಾರಿಸಿನ ತ್ಯೂಲೆರಿ ಉದ್ಯಾನದಲ್ಲಿ ತೋಟಗಾರರಾಗಿದ್ದವರು. ಮಣ್ಣಿನ ಕೆಲಸವನ್ನು ಮನೆಯಲ್ಲಿಯೇ ಕಲಿತವನು ಚಿತ್ರಕಾರ ಸಿಮೊಂ ವೂಯೆಯ ಕಾರ್ಯಾಗಾರದಲ್ಲಿ ಚಿತ್ರಕಲೆಯನ್ನೂ ಕಲಿತ. ಪೂಸೆಂ ಮತ್ತು ಕ್ಲೋದ್ ಲೊರೆಂರ ಚಿತ್ರಗಳನ್ನು ಸಂಗ್ರಹಿಸಿದ. 1693ರಲ್ಲಿ ತನ್ನ ಸಂಗ್ರಹದ ಉತ್ತಮ ಕೃತಿಗಳನ್ನು ದೊರೆಗೆ ಕೊಟ್ಟ. ದೂರದ ವಸ್ತು ಕಣ್ಣಿಗೆ ಹೇಗೆ ಕುಗ್ಗುತ್ತದೆ, ಇಳಿಜಾರು ಹೇಗೆ ಅಂತರವನ್ನು ನುಂಗುತ್ತದೆ, ನೀರಿನ ಹಾಸು ಆಕಾಶವನ್ನು ಎಲ್ಲಿಗೆ ತಂದಿಳಿಸುತ್ತದೆ ಎಂಬ ವಿದ್ಯೆಯನ್ನು ಅವನಷ್ಟು ದೊಡ್ಡ ಪ್ರಮಾಣದಲ್ಲಿ ನೆಲದ ಮೇಲೆ ಪ್ರಯೋಗಿಸಿದವರು ವಿರಳ.

ವೋ-ಲ-ವಿಕೊಂತ್ ಭವನದ ಮೆಟ್ಟಿಲ ಮೇಲೆ ನಿಂತವರಿಗೆ ಇಡೀ ಉದ್ಯಾನ ಒಂದೇ ನೋಟಕ್ಕೆ ದಕ್ಕಿದಂತೆ ತೋರುತ್ತದೆ: ಬಾಕ್ಸ್‌ವುಡ್ ಗಿಡಗಳ ಕುಳ್ಳ ಬೇಲಿಯಲ್ಲಿ ಹೆಣೆದ ಕಸೂತಿಯಂಥ ಪಾತಿಗಳು, ಅವುಗಳಾಚೆ ಕೊಳ, ಕೊಳದಾಚೆ ಕಲ್ಲಿನ ಗುಹೆಗಳ ಸಾಲು, ಕೊನೆಯಲ್ಲಿ ಹುಲ್ಲಿನ ಏರು. ಆದರೆ ನಡೆಯತೊಡಗಿದೊಡನೆ ಈ ಭರವಸೆ ಕಳಚುತ್ತದೆ. ಕೊಳಕ್ಕೆ ತೀರ ಹತ್ತಿರವೆಂದು ತೋರಿದ ಗುಹೆಗಳು ದೂರ ಸರಿಯುತ್ತವೆ, ನೆಲ ಒಮ್ಮೆಗೇ ಕೆಳಕ್ಕಿಳಿಯುತ್ತದೆ, ಅಲ್ಲಿಯವರೆಗೆ ಸುಳಿವೇ ಕೊಡದಿದ್ದ ಸುಮಾರು ಒಂದು ಕಿಲೋಮೀಟರ್ ಉದ್ದದ ಅಡ್ಡಕಾಲುವೆ ಕಾಲ ಬುಡದಲ್ಲಿ ತೆರೆದುಕೊಳ್ಳುತ್ತದೆ. ಗುಹೆಗಳನ್ನು ಮುಟ್ಟಬೇಕಾದರೆ ಇನ್ನು ಬಳಸಿಯೇ ಹೋಗಬೇಕು. ಮನೆಯ ಯಜಮಾನನ ಕಣ್ಣು ಎಲ್ಲವನ್ನೂ ಆಳುತ್ತದೆ ಎಂದು ಸಾರುವ ಉದ್ದೇಶ ಮಾತ್ರ ಇದ್ದಿದ್ದರೆ, ಅದೇ ಯಜಮಾನನ ಕಣ್ಣನ್ನು ಹೀಗೆ ಯಾಮಾರಿಸುವ ತೋಟವನ್ನು ಲ ನೋತ್ರ್ ಮಾಡಬೇಕಾಗಿರಲಿಲ್ಲ. ನಿಂತು ನೋಡುವ ಅಧಿಕಾರಕ್ಕಿಂತ ನಡೆದು ಕಾಣುವ ಬೆರಗು ಇಲ್ಲಿ ದೊಡ್ಡದು. ಉದ್ಯಾನದ ನಕ್ಷೆಯನ್ನೋ ಪಕ್ಷಿನೋಟದ ಚಿತ್ರವನ್ನೋ ಎದುರಿಗಿಟ್ಟುಕೊಂಡು ವಾದಿಸುವವರಿಗೆ ಈ ಬೆರಗು ದಕ್ಕುವುದೇ ಇಲ್ಲ.

ವರ್ಸೇಲ್ಸ್‌ನಲ್ಲಿಯೂ ಅಕ್ಷದ ಮೇಲೆ ಕಾಣುವುದು ಉದ್ಯಾನದ ಒಂದು ಮುಖ ಮಾತ್ರ. ಅಕ್ಷದ ಎರಡೂ ಬದಿಗೆ, ಎತ್ತರದ ಮರಗೋಡೆಗಳ ಹಿಂದೆ, ಅರಮನೆಯ ಕಿಟಕಿಯಿಂದ ಕಾಣದ ತೋಪುಗಳಿವೆ. ಅವುಗಳಲ್ಲೊಂದಾದ ಚಕ್ರವ್ಯೂಹದಲ್ಲಿ ಈಸೋಪನ ಕಥೆಗಳ ಪ್ರಾಣಿಗಳುಳ್ಳ 39 ಕಾರಂಜಿಗಳಿದ್ದವು. ದಾರಿ ತಪ್ಪುವುದೇ ಅಲ್ಲಿನ ಆಟ. ಜಾಂ ಕೊತೆಲ್ 1680ರ ದಶಕದ ಕೊನೆಯಲ್ಲಿ ತ್ರಿಯಾನೊಂ ಅರಮನೆಗಾಗಿ ಈ ತೋಪುಗಳ ಚಿತ್ರಗಳನ್ನು ಬರೆದಾಗ, ಅವುಗಳ ತುಂಬ ದೇವತೆಗಳನ್ನೂ ಅಪ್ಸರೆಯರನ್ನೂ ಅಡ್ಡಾಡಲು ಬಿಟ್ಟ. ದೊರೆ ಬಯಸಿ ಬರೆಸಿದ ಚಿತ್ರಗಳಿವು. ಪಾತೆಲ್‌ನ ಪಕ್ಷಿನೋಟದ ಜೊತೆಗೆ ಇವನ್ನೂ ಇಟ್ಟು ನೋಡಿದರೆ, ಆ ಕಾಲದವರು ಉದ್ಯಾನದಲ್ಲಿ ಆಳ್ವಿಕೆಯನ್ನಷ್ಟೇ ಅಲ್ಲದೆ ಏಕಾಂತವನ್ನೂ ಆಟವನ್ನೂ ಹುಡುಕುತ್ತಿದ್ದರೆಂಬುದು ತಿಳಿಯುತ್ತದೆ.

ಎದುರಾಳಿ ತನ್ನ ಬಲವಾದ ಸಾಕ್ಷ್ಯವೆಂದು ತಂದ ನೀರಿನ ಕಥೆ ಅರ್ಧಕ್ಕೇ ನಿಂತಿದೆ. ಯೂರ್ ನದಿಯ ಕಾಮಗಾರಿ 1688ರಲ್ಲಿ ಯುದ್ಧ ಆರಂಭವಾದ ಮೇಲೆ ನಿಂತುಹೋಯಿತು. ಮೆಂತನೊಂ ಎಂಬಲ್ಲಿ ಅಪೂರ್ಣವಾಗಿ ಉಳಿದ ಮೇಲ್ಗಾಲುವೆಯ ಕಮಾನುಗಳು ಇಂದಿಗೂ ಕಾಣಸಿಗುತ್ತವೆ. ಮಾರ್ಲಿಯ ಯಂತ್ರ ಬಂದ ಮೇಲೆಯೂ ವರ್ಸೇಲ್ಸ್‌ನ ಎಲ್ಲ ಕಾರಂಜಿಗಳನ್ನು ಒಟ್ಟಿಗೆ ಹರಿಸುವಷ್ಟು ನೀರಿರಲಿಲ್ಲ. ದೊರೆ ಸಮೀಪಿಸುತ್ತಿದ್ದಂತೆ ಕಾರಂಜಿಯವರು ಸಿಳ್ಳೆ ಹೊಡೆದು ಒಬ್ಬರಿಗೊಬ್ಬರು ಸೂಚನೆ ಕೊಟ್ಟು, ಮುಂದಿನ ಕಾರಂಜಿಯನ್ನು ತೆರೆದು ಹಿಂದಿನದನ್ನು ಮುಚ್ಚುತ್ತಿದ್ದರು. ಗುರುತ್ವಾಕರ್ಷಣೆಯ ಮುಂದೆ ಯಾವ ಆಜ್ಞೆಯೂ ನಡೆಯಲಿಲ್ಲ. ಕಾರಂಜಿಯ ಮಾನ ಉಳಿಸಿದ್ದು ಕೆಲಸಗಾರರ ಜಾಣ್ಮೆ. ಪೀಟರ್‌ಹೋಫ್ ಈ ವಿಷಯದಲ್ಲಿ ವರ್ಸೇಲ್ಸ್‌ಗಿಂತ ಮುಂದೆ ಹೋದದ್ದು ಅದರ ದೊರೆ ಹೆಚ್ಚು ಬಲಶಾಲಿಯಾಗಿದ್ದ ಎಂದಲ್ಲ, ಎತ್ತರದ ಊಟೆಗಳಿಂದ ಕಾಲುವೆ ತೋಡಿ ಪಂಪಿಲ್ಲದೆಯೇ ನೀರು ಚಿಮ್ಮುವಂತೆ ಅದರ ಎಂಜಿನಿಯರು ನೆಲವನ್ನು ಅರಿತಿದ್ದ ಎಂದು. ಟಿಪ್ಪುವಿನ ರಾಯಭಾರಿಗಳ ವಿಷಯವೂ ಹಾಗೆಯೇ. ಅವರಿಗೆ ವೈಭವದ ದರ್ಶನವಾಯಿತು, ಅವರು ಕೋರಿದ್ದ ಸೈನಿಕ ಮೈತ್ರಿ ಸಿಗಲಿಲ್ಲ, ಮರುವರ್ಷವೇ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು. ಆದರೆ ಟಿಪ್ಪು ಫ್ರಾನ್ಸಿನಿಂದ ಮೈತ್ರಿಯ ಜೊತೆಗೆ ಕುಶಲಕರ್ಮಿಗಳನ್ನೂ ಗಿಡಗಳ ಬೀಜಗಳನ್ನೂ ಬಯಸಿದ್ದ. ತೋಟಗಳ ಬಗ್ಗೆ ಆಸ್ಥೆಯಿದ್ದ ಆ ಸುಲ್ತಾನನ ಬೇಡಿಕೆಯಲ್ಲಿ, ಒಂದು ನೆಲದಿಂದ ಇನ್ನೊಂದು ನೆಲಕ್ಕೆ ನಿಜವಾಗಿ ಸಾಗಿಸಬಹುದಾದದ್ದು ಯಾವುದೆಂಬ ತಿಳಿವಳಿಕೆ ಇತ್ತು.

ಅದೇ ವರ್ಸೇಲ್ಸ್‌ನಲ್ಲಿ 1678 ಮತ್ತು 1683ರ ನಡುವೆ ಜಾಂ-ಬಾತೀಸ್ತ್ ದ ಲಾ ಕೆಂತಿನಿ ಎಂಬವನು ಸುಮಾರು 9 ಹೆಕ್ಟೇರಿನ ತರಕಾರಿ ಮತ್ತು ಹಣ್ಣಿನ ತೋಟವನ್ನು ಮಾಡಿದ. ವಕೀಲಿ ವೃತ್ತಿಯನ್ನು ಬಿಟ್ಟು ತೋಟಗಾರನಾದವನು ಅವನು. ಜೌಗಿನಲ್ಲಿ ಬಸಿಗಾಲುವೆ ತೆಗೆದು, ಹೊರಗಿನ ಮಣ್ಣು ತುಂಬಿ, ಬಿಸಿಲಿನ ಕಾವನ್ನು ಹಿಡಿದಿಡುವ ಎತ್ತರದ ಗೋಡೆಗಳಿಗೆ ಹಣ್ಣಿನ ಗಿಡಗಳನ್ನು ಹಬ್ಬಿಸಿ, ಗೊಬ್ಬರದ ಶಾಖದಿಂದ ಚಳಿಗಾಲದಲ್ಲಿ ಆಸ್ಪರಾಗಸ್ ಬೆಳೆದ. ಅಲ್ಲಿಯೂ ಜ್ಯಾಮಿತಿಯಿದೆ, ಬಿಸಿಲು, ಗಾಳಿ ಮತ್ತು ನೀರಿನ ಲೆಕ್ಕಾಚಾರದ ಜ್ಯಾಮಿತಿ ಅದು. ಬರೋಕ್ ಉದ್ಯಾನದ ನೇರ ಗೆರೆಗಳಲ್ಲಿ ಈ ಪ್ರಾಯೋಗಿಕ ಬುದ್ಧಿಗೆ ಎಷ್ಟು ಪಾಲಿದೆ ಎಂಬುದನ್ನು ಅಧಿಕಾರದ ಚರ್ಚೆ ಗಣನೆಗೇ ತೆಗೆದುಕೊಳ್ಳುವುದಿಲ್ಲ.

ಜರ್ಮನಿಯ ಹ್ಯಾನೋವರ್ ಬಳಿಯ ಹೆರೆನ್‌ಹೌಸೆನ್ ಉದ್ಯಾನದ ಕಥೆಯನ್ನು ಇಲ್ಲಿ ಹೇಳಲೇಬೇಕು. ಅದನ್ನು ಬೆಳೆಸಿದವಳು ಸೋಫಿಯಾ. ಅವಳ ಮಗ ಮುಂದೆ ಬ್ರಿಟನ್ನಿನ ದೊರೆ ಒಂದನೆಯ ಜಾರ್ಜ್ ಆದ. ಅಲ್ಲಿನ ಕತ್ತರಿಸಿದ ಬೇಲಿಗಳ ನಡುವೆ ಅವಳು ದಾರ್ಶನಿಕ ಲೈಬ್ನಿಜ್‌ನೊಡನೆ ಮಾತಾಡುತ್ತ ನಡೆಯುತ್ತಿದ್ದಳು. ಸಂಪೂರ್ಣವಾಗಿ ಒಂದೇ ತೆರನಾದ ಎರಡು ವಸ್ತುಗಳು ಲೋಕದಲ್ಲಿಲ್ಲ ಎಂಬ ಅವನ ವಾದವನ್ನು ಒಪ್ಪದ ಗೃಹಸ್ಥನೊಬ್ಬ, ಒಂದೇ ತೆರನಾದ ಎರಡು ಎಲೆಗಳನ್ನು ತಂದು ತೋರಿಸುವೆನೆಂದು ಹೊರಟು, ಉದ್ಯಾನವನ್ನೆಲ್ಲ ಅಲೆದರೂ ಕಾಣದೆ ಸೋತನೆಂದು ಲೈಬ್ನಿಜ್ ಸ್ವತಃ ಬರೆದಿದ್ದಾನೆ. ಎಲ್ಲವನ್ನೂ ಒಂದೇ ಅಚ್ಚಿಗೆ ಒಗ್ಗಿಸುವ ತೋಟವೆಂಬ ಆರೋಪ ಹೊತ್ತ ಜಾಗದಲ್ಲಿಯೇ ಪ್ರತಿಯೊಂದು ಎಲೆಯ ಅನನ್ಯತೆ ತತ್ತ್ವವಾಗಿ ಪರೀಕ್ಷೆಗೊಳಗಾಯಿತು. 1714ರ ಜೂನ್‌ನಲ್ಲಿ ಸೋಫಿಯಾ ಅದೇ ಉದ್ಯಾನದಲ್ಲಿ ವಿಹರಿಸುತ್ತಿದ್ದಾಗ ಕುಸಿದು ತೀರಿಕೊಂಡಳು.

ಕೊನೆಯದಾಗಿ, ಉದ್ಯಾನ ಅಧಿಕಾರದ ಘೋಷಣೆಯಷ್ಟೇ ಆಗಿದ್ದರೆ ಆ ಅಧಿಕಾರ ಬಿದ್ದಾಗ ಅದೂ ಬೀಳಬೇಕಿತ್ತು. ಮರಗಳಿಗೆ ಅವುಗಳದೇ ಆಯುಸ್ಸಿದೆ. ಲ ನೋತ್ರ್ ನೆಡಿಸಿದ ಮರಗಳು ಮುಪ್ಪಾಗಿ 1774-75ರ ಚಳಿಗಾಲದಲ್ಲಿ ಅವನ್ನು ಕಡಿಯಲಾಯಿತು; ಉರುಳಿದ ಮರಗಳ ನಡುವೆ 16ನೆಯ ಲೂಯಿ ನಿಂತಿರುವ ದೃಶ್ಯವನ್ನು ಹ್ಯೂಬರ್ ರೊಬೇರ್ ಬರೆದು 1777ರಲ್ಲಿ ಪ್ರದರ್ಶಿಸಿದ. ಕ್ರಾಂತಿಕಾರಿ ಸರ್ಕಾರ ದೊರೆಯ ತಲೆ ತೆಗೆದ ಮೇಲೆ ವರ್ಸೇಲ್ಸ್‌ನ ನೆಲವನ್ನು ಹರಿದು ಹಂಚುವ ಅಪಾಯ ಎದುರಾದಾಗ, ತೋಟಗಾರ ಆಂತ್ವಾನ್ ರಿಷಾರ್ ಪಾತಿಗಳಲ್ಲಿ ತರಕಾರಿಯನ್ನೂ ಹಣ್ಣಿನ ಗಿಡಗಳನ್ನೂ ನೆಟ್ಟು, ಇದು ಜನರಿಗೆ ಉಪಯೋಗದ ಜಾಗವೆಂದು ತೋರಿಸಿ ಅದನ್ನು ಉಳಿಸಿದ. 1999ರ ಡಿಸೆಂಬರ್ 26ರ ಬಿರುಗಾಳಿಗೆ ಅಲ್ಲಿ ಸುಮಾರು 10 ಸಾವಿರ ಮರಗಳು ನೆಲಕಚ್ಚಿದಾಗ, ಗಣರಾಜ್ಯವೇ ಮತ್ತೆ ಹಳೆಯ ಗೆರೆಗಳ ಮೇಲೆ ಸಸಿ ನೆಡಿಸಿತು. ಪೀಟರ್‌ಹೋಫ್‌ನ ಸ್ಯಾಮ್ಸನನನ್ನು ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಕದ್ದೊಯ್ದ ಮೇಲೆ, ಹಸಿವೂ ಅವಶೇಷಗಳೂ ತುಂಬಿದ್ದ ಲೆನಿನ್‌ಗ್ರಾಡಿನ ಶಿಲ್ಪಿಗಳು ಅದನ್ನು ಹೊಸದಾಗಿ ಎರಕ ಹೊಯ್ದು 1947ರಲ್ಲಿ ಮತ್ತೆ ನಿಲ್ಲಿಸಿದರು. ಆ ಹೊತ್ತಿಗೆ ರಷ್ಯಾದಲ್ಲಿ ಜಾರ್ ದೊರೆಗಳ ಆಳ್ವಿಕೆ ಮುಗಿದು 30 ವರ್ಷಗಳಾಗಿದ್ದವು.